ಹಡಗು ಮುಳುಗಿದರೆ ಜಪಾನಿ ಕ್ಯಾಪ್ಟನ್ ಕೂಡ ಸಾಯಲೇಬೇಕಿತ್ತಾ?

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜಪಾನಿನ ಯುದ್ಧನೌಕೆ ಮುಳುಗಿದರೆ ಕ್ಯಾಪ್ಟನ್ ಕೂಡ ಅದರ ಜೊತೆಗೇ ಮುಳುಗಬೇಕು ಅನ್ನುವ ನಿಯಮ ಇತ್ತಂತೆ. ನಿಜವೇ?

ನಿಯಮ ಇರಲಿಲ್ಲ. ಒತ್ತಡ ಮಾತ್ರ ಬೇಕಾದಷ್ಟಿತ್ತು. ಎಲ್ಲರೂ ಇಳಿದ ಮೇಲೆ ಕ್ಯಾಪ್ಟನ್ ಇಳಿಯುವುದು ಬ್ರಿಟಿಷ್ ನೌಕಾಪಡೆಯಲ್ಲೂ ಇದ್ದ ಪದ್ಧತಿ. ಜಪಾನಿಗಳು ಆಧುನಿಕ ನೌಕಾಪಡೆಯ ಪಾಠ ಕಲಿತದ್ದು ಹೆಚ್ಚಾಗಿ ಬ್ರಿಟಿಷರಿಂದಲೇ. ಆದರೆ ಕೊನೆಗೆ ಇಳಿಯುವುದು ಬೇರೆ, ಇಳಿಯದೇ ಇರುವುದು ಬೇರೆ ಅಲ್ವಾ?

1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕದ ಜೊತೆ ನಡೆದ ಮಿಡ್‌ವೇ ಕದನದಲ್ಲಿ ಜಪಾನಿನ ನಾಲ್ಕು ವಿಮಾನವಾಹಕ ನೌಕೆಗಳು ಹೋದವು. ಕಾಗಾದ ಕ್ಯಾಪ್ಟನ್ ಒಕಾಡಾ ಬಾಂಬ್ ಬಿದ್ದಾಗಲೇ ಸತ್ತರು. ಸೊರ್ಯುವಿನ ಯಾನಾಗಿಮೊಟೊ ಇಳಿಯಲು ಒಪ್ಪಲಿಲ್ಲ. ಹಿರ್ಯುವಿನ ಕಾಕು, ಅವರ ಜೊತೆ ಅಡ್ಮಿರಲ್ ಯಮಾಗುಚಿ, ಇಬ್ಬರೂ ಹಡಗಿನಲ್ಲೇ ಉಳಿದರು. ಅಕಾಗಿಯ ಅಓಕಿ ಕೂಡ ಉಳಿಯಲು ಸಿದ್ಧರಾಗಿದ್ದರು, ಜೊತೆಯವರು ಒತ್ತಾಯ ಮಾಡಿ ಇಳಿಸಿದರು. ಯಮಾಗುಚಿಗೆ ಸತ್ತ ಮೇಲೆ ಬಡ್ತಿ ಸಿಕ್ಕಿತು. ಬದುಕಿದ ಅಓಕಿಯನ್ನು ಸಕ್ರಿಯ ಸೇವೆಯಿಂದ ತೆಗೆದು ಮೀಸಲು ಪಟ್ಟಿಗೆ ತಳ್ಳಿದರು. ಅದೇ ವರ್ಷ ನವೆಂಬರ್‌ನಲ್ಲಿ ಪೆಸಿಫಿಕ್‌ನ ಗ್ವಾಡಲ್‌ಕನಾಲ್ ದ್ವೀಪದ ಬಳಿ ಹಿಯೇ ಅನ್ನುವ ದೊಡ್ಡ ಯುದ್ಧನೌಕೆ ಮುಳುಗಿತು. ಅದರ ಕ್ಯಾಪ್ಟನ್ ನಿಶಿದಾ ಬದುಕಿ ಬಂದರು, ಅವರ ವೃತ್ತಿಯೂ ಅಲ್ಲಿಗೇ ಮುಗಿಯಿತು. ಸತ್ತರೆ ಮರ್ಯಾದೆ, ಬದುಕಿದರೆ ಅನುಮಾನ. ಹೀಗಿರುವಾಗ ಬರೆದಿಟ್ಟ ನಿಯಮ ಯಾಕೆ ಬೇಕು?

ದೊಡ್ಡ ಹಡಗುಗಳ ಮೂತಿಯ ಮೇಲೆ ಚಕ್ರವರ್ತಿಯ ಸೇವಂತಿಗೆ ಲಾಂಛನ ಇರುತ್ತಿತ್ತು. ಅದನ್ನು ಕಳೆದುಕೊಂಡರೆ ಚಕ್ರವರ್ತಿಯ ಸೊತ್ತನ್ನೇ ಕಳೆದ ಹಾಗೆ. ಡೆಸ್ಟ್ರಾಯರ್‌ಗಳಿಗೆ ಆ ಲಾಂಛನ ಇರಲಿಲ್ಲ. ಚಿಕ್ಕ ಹಡಗು, ದಿನವೂ ಅಪಾಯ. ಅಲ್ಲಿನ ಕ್ಯಾಪ್ಟನ್‌ಗೆ ನಾಟಕೀಯ ಸಾವಿಗಿಂತ ನಾಳೆಯ ಕೆಲಸದ ಚಿಂತೆಯೇ ಜಾಸ್ತಿ.

ಇದಕ್ಕೆ ಒಳ್ಳೆಯ ಉದಾಹರಣೆ ತಮೇಯಿಚಿ ಹಾರಾ. ಯುದ್ಧ ಶುರುವಾದಾಗ ಅವರು ಅಮಾತ್ಸುಕಾಝೆ ಡೆಸ್ಟ್ರಾಯರ್‌ನ ಕ್ಯಾಪ್ಟನ್. ಹಿಯೇ ಏಟು ತಿಂದ ಅದೇ ರಾತ್ರಿ, ಗುರಿ ನೋಡಲು ಹೊತ್ತಿಸಿದ ಸರ್ಚ್‌ಲೈಟನ್ನು ಆರಿಸಲು ಹೇಳುವುದನ್ನು ಅವರು ಮರೆತರು. ಕತ್ತಲಲ್ಲಿ ಆ ಬೆಳಕು ಎದ್ದು ಕಾಣುತ್ತಿತ್ತು. ಅಮೆರಿಕದ ಕ್ರೂಸರ್ ಹೆಲೆನಾ ಅದನ್ನೇ ಗುರಿ ಹಿಡಿದು ಹೊಡೆಯಿತು. 43 ಜನ ಸತ್ತರು. ಹಡಗು ಮಾತ್ರ ಹೇಗೋ ವಾಪಸು ಬಂತು. ಇದು ತನ್ನದೇ ತಪ್ಪು ಅಂತ ಹಾರಾ ಮುಂದೆ ತಾವೇ ಬರೆದುಕೊಂಡರು.

1943ರ ಆಗಸ್ಟ್ 6ರ ರಾತ್ರಿ ಸಾಲೊಮನ್ ದ್ವೀಪಗಳ ವೆಲ್ಲಾ ಕೊಲ್ಲಿಯಲ್ಲಿ ಅವರು ಶಿಗುರೆ ಹಡಗಿನಲ್ಲಿದ್ದರು. ಸೈನಿಕರನ್ನು ಸಾಗಿಸಲು ನಾಲ್ಕು ಡೆಸ್ಟ್ರಾಯರ್‌ಗಳು ಸಾಲಾಗಿ ಹೋಗುತ್ತಿದ್ದವು. ಶಿಗುರೆಯ ಎಂಜಿನ್ ದಣಿದಿತ್ತು, ಅದು ಹಿಂದೆ ಬಿದ್ದಿತ್ತು. ದಡದ ಕತ್ತಲಿನ ಕಡೆಯಿಂದ ನೀರಿನಡಿಯಲ್ಲೇ ನುಗ್ಗಿ ಹಡಗಿಗೆ ಬಡಿಯುವ ಅಮೆರಿಕದ ಟಾರ್ಪೆಡೊಗಳು ಬಂದವು. ಮುಂದಿನ ಮೂರೂ ಹೋದವು. ಹಾರಾ ಹಡಗು ತಿರುಗಿಸಿ ಹೊರಟರು. ನೀರಿನಲ್ಲಿದ್ದವರನ್ನು ಬಿಟ್ಟು ಹೋದದ್ದು ಸರಿಯೇ? ನನಗನ್ನಿಸುವಂತೆ ನಿಂತಿದ್ದರೆ ನಾಲ್ಕನೆಯದೂ ಹೋಗುತ್ತಿತ್ತು, ಅಷ್ಟೆ. ಅಂದಹಾಗೆ, ಒಂದು ಟಾರ್ಪೆಡೊ ಶಿಗುರೆಯ ಚುಕ್ಕಾಣಿಯನ್ನೇ ತೂತು ಮಾಡಿಕೊಂಡು ಸಿಡಿಯದೆ ಹೋಗಿತ್ತು! ಅದು ಗೊತ್ತಾದದ್ದು ಆಮೇಲೆ.

ಕೊನೆಗೆ ಹಾರಾಗೂ ಲಾಂಛನದ ಹಡಗು ಸಿಕ್ಕಿತು, ಯಹಾಗಿ ಕ್ರೂಸರ್. 1945ರ ಏಪ್ರಿಲ್‌ನಲ್ಲಿ ಯಮಾಟೊ ಅನ್ನುವ ದೈತ್ಯ ಯುದ್ಧನೌಕೆಯ ಜೊತೆ ಓಕಿನಾವಾಕ್ಕೆ ಹೊರಡಬೇಕೆಂದು ಅಪ್ಪಣೆ ಬಂತು. ವಿಮಾನಗಳ ಕಾವಲೇ ಇಲ್ಲದ ಆ ಯಾತ್ರೆಯಿಂದ ವಾಪಸು ಬರುವ ಭರವಸೆ ಯಾರಿಗೂ ಇರಲಿಲ್ಲ. ಹೊರಡುವ ಮುಂಚೆ ಹಾರಾ ಸಿಬ್ಬಂದಿಯನ್ನು ಸೇರಿಸಿ, ಹಡಗು ಮುಳುಗಿದರೆ ಸುಮ್ನೆ ಸಾಯಬೇಡಿ, ಬದುಕಿ ಬಂದು ಮತ್ತೆ ಹೋರಾಡಿ ಅಂದರು. ಏಪ್ರಿಲ್ 7ರಂದು ಮೊದಲ ಟಾರ್ಪೆಡೊಗೇ ಯಹಾಗಿ ನಿಂತುಬಿಟ್ಟಿತು. ಆಮೇಲೆ ಏಟಿನ ಮೇಲೆ ಏಟು. 400ಕ್ಕೂ ಹೆಚ್ಚು ಜನ ಸತ್ತರು. ಯಮಾಟೊದ ಕ್ಯಾಪ್ಟನ್ ಅರಿಗಾ ಹಡಗಿನ ಜೊತೆ ಹೋದರು, ಅವರಿಗೂ ಸತ್ತ ಮೇಲೆ ಬಡ್ತಿ. ಹಾರಾ ಗಂಟೆಗಟ್ಟಲೆ ಎಣ್ಣೆ ತುಂಬಿದ ನೀರಿನಲ್ಲಿ ತೇಲಿದರು. ಒಂದು ಡೆಸ್ಟ್ರಾಯರ್ ಅವರನ್ನು ಎತ್ತಿಕೊಂಡಿತು.

ಅವರನ್ನು ಯಾರೂ ಮೂಲೆಗೆ ತಳ್ಳಲಿಲ್ಲ. ಅಷ್ಟು ಹೊತ್ತಿಗೆ ನೌಕಾಪಡೆಯ ಹತ್ತಿರ ಹಡಗೂ ಇರಲಿಲ್ಲ, ಅನುಭವಸ್ಥರೂ ಉಳಿದಿರಲಿಲ್ಲ. ಸುಮ್ನೆ ಸಾಯಬೇಡಿ ಅಂದಿದ್ದ ಆ ಮನುಷ್ಯನನ್ನು ನಾಗಾಸಾಕಿ ಪ್ರಾಂತ್ಯದ ಕವಾತಾನಾಕ್ಕೆ ಕಳಿಸಿದರು. ಅಲ್ಲಿನ ಕೆಲಸ, ಆತ್ಮಾಹುತಿ ದೋಣಿ ನಡೆಸುವ ಹುಡುಗರಿಗೆ ತರಬೇತಿ.