ಆಸ್ಪತ್ರೆ ಎಷ್ಟು ಹೊತ್ತಿನ ಹಾದಿ?

ಕೊಡಗಿಗೆ ಪ್ರವಾಸ ಬರುವವರು ತಂಗುವ ಹೋಂಸ್ಟೇಯ ಫೋಟೊ, ಊಟದ ವಿವರ, ಜಲಪಾತದ ದಾರಿ ಎಲ್ಲವನ್ನೂ ಮೊದಲೇ ನೋಡಿಕೊಂಡಿರುತ್ತಾರೆ. ಅಲ್ಲಿಂದ ಹತ್ತಿರದ ಆಸ್ಪತ್ರೆ ಎಷ್ಟು ಹೊತ್ತಿನ ಹಾದಿ ಎಂದು ವಿಚಾರಿಸಿಕೊಂಡು ಬಂದವರು ತುರ್ತು ಚಿಕಿತ್ಸಾ ವಿಭಾಗದ ವೈದ್ಯನಾದ ನನಗೆ ಕಾಣಸಿಗುವುದು ಅಪರೂಪ. ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಲೆಕ್ಕ ಹಾಕಿದರೆ ಮೋಸ ಹೋಗುತ್ತೀರಿ; ಮಂಜು, ತಿರುವು ಮತ್ತು ರಸ್ತೆಗೆ ಬಿದ್ದ ಮರಗಳ ನಡುವೆ ಹತ್ತು ಕಿಲೋಮೀಟರ್ ಸಾಗಲು ಮುಕ್ಕಾಲು ಗಂಟೆ ಹಿಡಿಯುವ ದಿನಗಳಿವೆ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ವಿರಾಜಪೇಟೆ, ಸೋಮವಾರಪೇಟೆಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಇವೆ. ಅದಕ್ಕಿಂತ ಹೆಚ್ಚಿನ ಚಿಕಿತ್ಸೆ ಬೇಕಾದರೆ ಮೈಸೂರಿಗೋ ಮಂಗಳೂರಿಗೋ ಹೋಗಬೇಕು. ಮಡಿಕೇರಿಯಿಂದ ಈ ಎರಡು ಊರುಗಳೂ ತಲಾ ನೂರು ಕಿಲೋಮೀಟರಿಗಿಂತ ಹೆಚ್ಚು ದೂರದಲ್ಲಿವೆ, ಜಿಲ್ಲೆಯಲ್ಲಿ ರೈಲೂ ಇಲ್ಲ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನೀರಿನ ಬಳಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡ ತಿಂಗಳಿನಲ್ಲಿ ಇಲ್ಲಿನವರು ಕೆಲಸವಿಲ್ಲದೆ ಹೊಳೆಯ ಹತ್ತಿರ ಸುಳಿಯುವುದಿಲ್ಲ, ಆದರೆ ಜಲಪಾತಗಳು ಮೈದುಂಬಿ ಪ್ರವಾಸಿಗರನ್ನು ಸೆಳೆಯುವುದೂ ಅದೇ ಮಳೆಗಾಲದಲ್ಲಿ. ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಸುರಿದ ಮಳೆಯ ನೀರು ಸ್ವಲ್ಪ ಹೊತ್ತಿನಲ್ಲೇ ಕೆಳಗಿಳಿಯುತ್ತದೆ. ತಿಳಿಯಾಗಿದ್ದ ನೀರು ಕೆಂಪಾಗತೊಡಗಿದರೆ, ತರಗೆಲೆ, ಕಡ್ಡಿಗಳು ತೇಲಿಬಂದರೆ ಅಥವಾ ಹರಿವಿನ ಸದ್ದು ಜೋರಾದರೆ ಫೋಟೊ ಮುಗಿಯುವವರೆಗೆ ಕಾಯದೆ ದಡ ಹತ್ತಬೇಕು. ಜಲಪಾತದ ಬುಡದ ಗುಂಡಿಯಲ್ಲಿ ನೊರೆಯೊಂದಿಗೆ ಗಾಳಿ ಬೆರೆತಿರುವುದರಿಂದ ಮೈ ಸುಲಭವಾಗಿ ತೇಲುವುದಿಲ್ಲ. ಈಜು ಬಲ್ಲವರೂ ಅಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ. ಒಬ್ಬರು ಮುಳುಗುವಾಗ ಇನ್ನೊಬ್ಬರು ಹಾರಿ ಇಬ್ಬರೂ ಹೋಗುವುದು ಇಂತಹ ದುರಂತಗಳಲ್ಲಿ ಪದೇ ಪದೇ ಕಾಣುವ ಸಂಗತಿ. ದಡದಲ್ಲಿ ನಿಂತೇ ಹಗ್ಗ, ಪಂಚೆ, ಉದ್ದನೆಯ ಕೋಲು ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ. ಮೇಲೆತ್ತಿದವರ ಹೊಟ್ಟೆ ಅದುಮುವುದು, ತಲೆಕೆಳಗಾಗಿ ಹಿಡಿಯುವುದು ಇನ್ನೂ ನಿಂತಿಲ್ಲ. ಇದರಿಂದ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಸೇರುತ್ತದೆ, ಅಮೂಲ್ಯವಾದ ನಿಮಿಷಗಳೂ ಕಳೆಯುತ್ತವೆ. ಉಸಿರಾಟ ನಿಂತಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಜೊತೆಗೆ ಎದೆಯೊತ್ತುವಿಕೆ ಆರಂಭಿಸಬೇಕು.

ಹಾವಿನ ವಿಷಯದಲ್ಲಿ ಭಯವೇ ಹೆಚ್ಚು, ತಿಳಿವಳಿಕೆ ಕಡಿಮೆ. ಕೋಣೆಯಿಂದ ಕ್ಯಾಂಪ್‌ಫೈರ್‌ವರೆಗಿನ ಇಪ್ಪತ್ತು ಹೆಜ್ಜೆಗೆ ಟಾರ್ಚ್ ಏಕೆ ಎಂದುಕೊಂಡು ಚಪ್ಪಲಿಯಲ್ಲೇ ಕತ್ತಲಿಗಿಳಿಯುವುದರಿಂದ ಕಡಿತಗಳಾಗುತ್ತವೆ. ನಮ್ಮ ದೇಶದಲ್ಲಿ ಸಿಗುವ ವಿಷನಿರೋಧಕ ಔಷಧಿಯು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕಾಗಿ ತಯಾರಾದದ್ದು. ಪಶ್ಚಿಮ ಘಟ್ಟದ ತೋಟಗಳಲ್ಲಿ ತರಗೆಲೆಯ ಬಣ್ಣದಲ್ಲಿ ಅಡಗಿರುವ, ಮೂತಿ ಮೇಲಕ್ಕೆ ತಿರುಗಿದ ಹಂಪ್‌ನೋಸ್ಡ್ ಪಿಟ್ ವೈಪರ್‌ನ ವಿಷಕ್ಕೆ ಅದು ಪರಿಣಾಮಕಾರಿಯಲ್ಲ, ಆ ಹಾವಿನ ಕಡಿತವೋ ಕೆಲವರಲ್ಲಿ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಹಾಗಾಗಿ ಯಾವ ಹಾವು ಕಚ್ಚಿದರೂ ನಾವು ಗಾಜಿನ ಒಣ ಪ್ರನಾಳದಲ್ಲಿ ಎರಡು ಮಿಲಿಲೀಟರ್ ರಕ್ತ ತೆಗೆದುಕೊಂಡು, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಆಮೇಲೆ ಬಾಗಿಸಿ ನೋಡುತ್ತೇವೆ. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಮೈಗೇರಿದೆ ಎಂದರ್ಥ. ಮೊದಲ ಸಲ ಹೆಪ್ಪುಗಟ್ಟಿದರೂ ಇದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ. "ನೋವು ಕಡಿಮೆಯಾಗಿದೆ ಡಾಕ್ಟ್ರೇ, ಬೆಂಗಳೂರಿಗೆ ಹೋಗಿ ತೋರಿಸ್ತೇವೆ" ಎಂದು ಹೊರಟು ನಿಲ್ಲುವವರನ್ನು ನಾವು ತಡೆಯುವುದು ಇದಕ್ಕಾಗಿಯೇ. ಕಚ್ಚಿದ ಕೈಕಾಲಿಗೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಹಾವನ್ನು ಹುಡುಕಿ ಹೊಡೆಯಲು ಹೋಗಬೇಡಿ. ಉಂಗುರ, ಬಳೆ ತೆಗೆದು, ಆ ಭಾಗ ಅಲುಗದಂತೆ ಇರಿಸಿಕೊಂಡು ನೇರವಾಗಿ ಆಸ್ಪತ್ರೆಗೆ ಬನ್ನಿ. ಇಂಬಳಗಳ (ಜಿಗಣೆಗಳ) ಬಗ್ಗೆ ಇಷ್ಟು ಗಾಬರಿ ಬೇಡ. ರಕ್ತ ಸ್ವಲ್ಪ ಹೆಚ್ಚು ಹೊತ್ತು ಸೋರುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ.

ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ ಕಡೆಯ ತೋಟಗಳಲ್ಲಿ ತಂಗುವವರು ನಸುಕಿನಲ್ಲಿಯೂ ಮುಸ್ಸಂಜೆಯ ಬಳಿಕವೂ ವಾಕಿಂಗ್ ಹೊರಡುವ ಮುನ್ನ ಆನೆ ಯಾವ ಕಡೆ ಇದೆ ಎಂದು ತೋಟದ ಕಾರ್ಮಿಕರನ್ನು ಕೇಳುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಘಾಟಿ ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರ್‌ನಲ್ಲಿ ಇಳಿಯಬೇಕು. ಸುಟ್ಟ ವಾಸನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಆರಲು ಬಿಡಬೇಕು.

ಸಹಾಯ ಕೇಳುವ ರೀತಿಯನ್ನೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ಕ್ಕೆ ಕರೆ ಹೋಗುವ ಸಾಧ್ಯತೆಯಿದೆ. 108ಕ್ಕೆ ಕರೆ ಮಾಡಿದಾಗ "ರೆಸಾರ್ಟ್ ಹತ್ತಿರ" ಎಂದರೆ ಯಾರಿಗೂ ತಿಳಿಯುವುದಿಲ್ಲ; ತೋಟದ ಹೆಸರು, ಊರು, ಹತ್ತಿರದ ಬಸ್ ನಿಲ್ದಾಣ ಅಥವಾ ಶಾಲೆಯನ್ನು ಹೇಳಬೇಕು, ಆದ್ದರಿಂದ ಕೋಣೆಯ ಕೀಲಿ ಪಡೆಯುವಾಗಲೇ ಇವನ್ನು ಬರೆದಿಟ್ಟುಕೊಳ್ಳಿ. ಒಬ್ಬರನ್ನು ಮುಖ್ಯರಸ್ತೆಯ ತಿರುವಿನಲ್ಲಿ ಟಾರ್ಚ್ ಹಿಡಿದು ನಿಲ್ಲಿಸಿ. ಜೀಪು ಅಥವಾ ಕಾರು ಕೈಯಲ್ಲಿದ್ದರೆ ತೋಟದೊಳಗೇ ಕಾಯದೆ ರೋಗಿಯೊಂದಿಗೆ ಹೊರಟು, ಆಂಬ್ಯುಲೆನ್ಸ್ ಎದುರಾಗಬೇಕಾದ ಜಾಗವನ್ನು ಅದರ ಚಾಲಕರೊಂದಿಗೆ ಫೋನಿನಲ್ಲೇ ಗೊತ್ತುಮಾಡಿಕೊಳ್ಳಬಹುದು.