ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿ: ಅಪಘಾತ ಪರಿಹಾರದ ಲೆಕ್ಕ ಕಲಿಯೋಣ

ಟಾರ್ಟ್, ಅಂದರೆ ಬೇರೆಯವರಿಗೆ ಹಾನಿ ಮಾಡಿದವರು ಪರಿಹಾರ ಕೊಡಬೇಕೆನ್ನುವ ಕಾನೂನಿನ, ಪರೀಕ್ಷೆಗೆ ಓದುವಾಗ ಹೊಣೆಗಾರಿಕೆಯ ತತ್ವಗಳನ್ನು ನಾವೆಲ್ಲ ಬಾಯಿಪಾಠ ಮಾಡುತ್ತೇವೆ. ಪರಿಹಾರದ ಲೆಕ್ಕ ಬಂತು ಅಂದರೆ ಪುಟ ತಿರುವುತ್ತೇವೆ. ಪೆಟ್ಟು ತಿಂದವರ ಮನೆಯಲ್ಲಿ ಮೊದಲು ಕೇಳುವುದು ಆ ಲೆಕ್ಕವನ್ನೇ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

2014ರ ಒಂದು ಸುಪ್ರೀಂ ಕೋರ್ಟ್ ತೀರ್ಪು. ಪ್ರಕರಣ ನಮ್ಮ ಕರ್ನಾಟಕದ್ದೇ. 24 ವರ್ಷದ ತರಕಾರಿ ವ್ಯಾಪಾರಿ ರಸ್ತೆ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಆದಾಯ ತೋರಿಸಲು ಕಾಗದಪತ್ರ ಇರಲಿಲ್ಲ. ಹೈಕೋರ್ಟ್ ತಿಂಗಳಿಗೆ 3,500 ರೂಪಾಯಿ ಅಂತ ಹಿಡಿದಿತ್ತು. ಸುಪ್ರೀಂ ಕೋರ್ಟ್ ಅದನ್ನು 6,500ಕ್ಕೆ ಏರಿಸಿತು. ಸಣ್ಣ ವ್ಯಾಪಾರ ಮಾಡುವವರಿಂದ ಆದಾಯದ ದಾಖಲೆ ನಿರೀಕ್ಷಿಸುವುದು ಸರಿಯಲ್ಲ ಎಂದಿತು. ಸಂತೆಯಲ್ಲಿ ಕೂರುವವರು ಸಂಬಳದ ಚೀಟಿ ಎಲ್ಲಿಂದ ತರಬೇಕು, ಅಲ್ವಾ?

ಆ ತೀರ್ಪಿನಲ್ಲಿ ನನಗೆ ತುಂಬಾ ಹಿಡಿಸಿದ ಭಾಗ ಇನ್ನೊಂದಿದೆ. ತರಕಾರಿಯನ್ನು ಒಂದೇ ಕಡೆ ಕೂತು ಮಾರಬಹುದು, ಅದಕ್ಕೆ ಓಡಾಟ ಯಾಕೆ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಮಾರುವ ಮೊದಲು ಸಗಟು ಮಾರುಕಟ್ಟೆಗೋ ರೈತರ ಹತ್ತಿರಕ್ಕೋ ಹೋಗಿ ಸರಕು ತರಬೇಕು. ಆ ಕೆಲಸಕ್ಕೆ ಕಾಲು ಬೇಕೇ ಬೇಕು. ಹೀಗೆ ನೋಡಿ ಕೋರ್ಟ್ ದುಡಿಮೆಯ ನಷ್ಟವನ್ನು ಶೇ 85 ಎಂದು ತೀರ್ಮಾನಿಸಿತು.

ಇಲ್ಲಿ ಎರಡು ಅಂಕಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ. ವೈದ್ಯರ ಸರ್ಟಿಫಿಕೇಟ್‌ನಲ್ಲಿರುವುದು ದೇಹಕ್ಕೆ ಆದ ಊನ. ಕೋರ್ಟ್ ಹುಡುಕುವುದು ಆ ಊನದಿಂದ ದುಡಿಮೆ ಎಷ್ಟು ಕುಸಿಯಿತು ಅನ್ನೋದನ್ನು. ಎಡಗೈ ಹೋದ ಡ್ರೈವರ್‌ಗೋ ಬಡಗಿಗೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ನಿಂತುಹೋಗಬಹುದು. ಅದೇ ಎಡಗೈ ಹೋದ ಸರ್ಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಕೊಡುವ ಉದಾಹರಣೆಯೇ ಇದು. ಪರೀಕ್ಷೆಯಲ್ಲಿ ಇದನ್ನು ಬರೆಯದೆ ಬರಬೇಡಿ.

ಈಗ ಇದೇ ಅಂಕಿಗಳಿಗೆ ಇಂದಿನ ನಿಯಮ ಹಚ್ಚಿ ಲೆಕ್ಕ ಮಾಡೋಣ. 2017ರ ಪ್ರಣಯ್ ಸೇಠಿ ತೀರ್ಪಿನಂತೆ, ಸ್ವಂತ ದುಡಿಮೆಯವರ ವಯಸ್ಸು 40ರ ಒಳಗಿದ್ದರೆ ಮುಂದೆ ಹೆಚ್ಚಬಹುದಾದ ಆದಾಯಕ್ಕೆ ಶೇ 40 ಸೇರಿಸಬೇಕು. 6,500ಕ್ಕೆ 2,600 ಸೇರಿಸಿದರೆ 9,100. ವರ್ಷಕ್ಕೆ 1,09,200. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 24 ವರ್ಷಕ್ಕೆ ಗುಣಕ (ವಯಸ್ಸು ನೋಡಿ ವರ್ಷದ ಆದಾಯವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಅಂಕಿ) 18. ಗುಣಿಸಿದರೆ 19,65,600. ಅದರ ಶೇ 85 ಅಂದರೆ 16,70,760 ರೂಪಾಯಿ. ಇದು ಮುಂದಿನ ದುಡಿಮೆಯ ನಷ್ಟ ಮಾತ್ರ. ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ನೋವು, ಬದುಕಿನ ಸುಖ ಕಳೆದುಕೊಂಡದ್ದು ಎಲ್ಲ ಬೇರೆ ಬೇರೆ ಬಾಬ್ತು.

ಜಾಸ್ತಿ ಜನ ತಪ್ಪುವುದು ಎಲ್ಲಿ ಗೊತ್ತಾ? ಸಾವಿನ ಪ್ರಕರಣದಲ್ಲಿ ಮಾಡುವಂತೆ ಇಲ್ಲೂ ಸ್ವಂತ ಖರ್ಚಿಗೆಂದು ಮೂರನೇ ಒಂದು ಭಾಗವನ್ನೋ ಅರ್ಧವನ್ನೋ ಕಳೆದುಬಿಡುತ್ತಾರೆ. ಗಾಯಾಳು ಬದುಕಿದ್ದಾರೆ, ಊಟ ಮಾಡಬೇಕು, ಬಟ್ಟೆ ಕೊಳ್ಳಬೇಕು. ಕಳೆಯುವ ಹಾಗಿಲ್ಲ.

ಹಾಗಾದರೆ ಇದನ್ನೆಲ್ಲ ಕೊಡಬೇಕಾದವರು ಯಾರು? ನಿರ್ಲಕ್ಷ್ಯಕ್ಕೆ ಮೂರು ಸಂಗತಿ ಬೇಕು: ಎಚ್ಚರ ವಹಿಸುವ ಹೊಣೆ ಇತ್ತು, ಅದನ್ನು ಮುರಿದರು, ಅದರಿಂದಲೇ ಹಾನಿಯಾಯಿತು. ಕೆಲವು ಕಡೆ ನಿರ್ಲಕ್ಷ್ಯವನ್ನು ಗಾಯಾಳು ಸಾಬೀತು ಮಾಡುವುದೇ ಬೇಕಿಲ್ಲ. ದೆಹಲಿಯ ಚಾಂದನಿ ಚೌಕದಲ್ಲಿ ಹಳೇ ಗಡಿಯಾರ ಗೋಪುರ ಕುಸಿದು ಜನ ಸತ್ತಾಗ, ಗೋಪುರ ಬಿದ್ದದ್ದೇ ನಿರ್ಲಕ್ಷ್ಯವನ್ನು ಹೇಳುತ್ತದೆ, ಹಾಗಿಲ್ಲವಾದರೆ ಪಾಲಿಕೆಯೇ ವಿವರಿಸಲಿ ಎಂದು 1966ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರೆಂಟಿನ ವಿಷಯದಲ್ಲಿ ನಿಯಮ ಇನ್ನೂ ಬಿಗಿ. ಮಧ್ಯಪ್ರದೇಶದಲ್ಲಿ ಮಳೆನೀರು ನಿಂತ ರಸ್ತೆಯಲ್ಲಿ, ಕತ್ತಲಲ್ಲಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದವರು ತಂತಿ ತಗುಲಿ ಸತ್ತರು. ಯಾರೋ ಕಳ್ಳ ಸಂಪರ್ಕಕ್ಕೆ ಎಳೆದ ತಂತಿ ಅದು ಎಂದಿತು ವಿದ್ಯುತ್ ಮಂಡಳಿ. 2002ರಲ್ಲಿ ಕೋರ್ಟ್ ಆ ವಾದ ಒಪ್ಪಲಿಲ್ಲ. ಅಪಾಯದ ವಸ್ತುವನ್ನು ಸರಬರಾಜು ಮಾಡುವವರೇ ಹೊಣೆ.

ಬೈಕಿನಲ್ಲಿ ತ್ರಿಬಲ್ ಹೋಗಿದ್ದರೆ ಪರಿಹಾರವೇ ಸಿಗಲ್ಲ ಅಂತ ಊರಲ್ಲೆಲ್ಲ ಹೇಳುತ್ತಾರೆ. ಅದು ಸುಳ್ಳು. ಮೂವರು ಕೂತದ್ದು ಅಪಘಾತಕ್ಕೋ ಗಾಯ ಹೆಚ್ಚಾಗುವುದಕ್ಕೋ ಕಾರಣವಾಯಿತು ಎಂದು ತೋರಿಸದೆ ಪರಿಹಾರ ಕಡಿತ ಮಾಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಟ್ರಾಫಿಕ್ ದಂಡ ಬೇರೆ ಮಾತು.

ಗುದ್ದಿದ ಗಾಡಿ ಪತ್ತೆಯಾಗದಿದ್ದರೂ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. 2025ರಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಏಳು ದಿನ, 1.5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ.

ಅರ್ಜಿಯನ್ನು ಅಪಘಾತ ಆದ ಊರಲ್ಲೇ ಹಾಕಬೇಕೆಂದೇನಿಲ್ಲ. ಬೆಂಗಳೂರಲ್ಲಿ ಪೆಟ್ಟು ತಿಂದ ರಾಯಚೂರಿನವರು ತಾವು ವಾಸ ಇರುವ ರಾಯಚೂರಲ್ಲೇ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂಬ ಗಡುವು 2022ರ ಏಪ್ರಿಲ್ 1ರಿಂದ ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ಗೆ ಅರ್ಜಿಗಳು ಹೋಗಿವೆ. ಆದರೂ ಅದನ್ನು ನಂಬಿ ಸುಮ್ನೆ ಕೂರಬೇಡಿ, ಗಡುವಿನೊಳಗೇ ಹಾಕಿಸಿ.

ಇದೆಲ್ಲ ನನಗೆ ಮನಸ್ಸಿಗೆ ಹತ್ತಿದ್ದು ನಮ್ಮ ಚಿಕ್ಕಮ್ಮನ ಕೇಸಿನಿಂದ. ರಸ್ತೆ ದಾಟುವಾಗ ಆಟೋ ತಗುಲಿ ಬಲಗೈ ಮಣಿಕಟ್ಟು ಮುರಿಯಿತು. ಎಮರ್ಜೆನ್ಸಿಯಲ್ಲಿ ಏನಾಯಿತು ಅಂತ ಕೇಳಿದಾಗ, ಜೊತೆಗಿದ್ದವರು ಗಾಬರಿಯಲ್ಲಿ "ರಸ್ತೇಲಿ ಬಿದ್ಬಿಟ್ರು" ಅಂದರು. ಅದನ್ನೇ ಬರೆದುಕೊಂಡರು. ಆ ಒಂದು ಸಾಲನ್ನು ಹಿಡಿದುಕೊಂಡು ವಿಮಾ ಕಂಪನಿಯ ವಕೀಲರು ಎಷ್ಟು ಹೊತ್ತು ಪ್ರಶ್ನೆ ಮಾಡಿದರೋ! ಯಾವ ಗಾಡಿ, ಎಲ್ಲಿ, ಹೇಗೆ ತಗುಲಿತು ಎಂದು ಮೊದಲ ದಿನವೇ ಬರೆಸಬೇಕಿತ್ತು. ಮೆಡಿಕಲ್ ಶಾಪಿನ ಬಿಲ್ಲುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದೆವು. ತೆಗೆದು ನೋಡಿದರೆ ಅರ್ಧಕ್ಕರ್ಧ ಅಕ್ಷರ ಮಾಸಿ ಬಿಳಿ ಹಾಳೆ ಆಗಿದ್ದವು. ಆ ಕಾಗದವೇ ಹಾಗೆ, ತಂದ ದಿನವೇ ಜೆರಾಕ್ಸ್ ಮಾಡಿಸಿಡಿ.

ಚಿಕ್ಕಮ್ಮ ಹೂ ಕಟ್ಟುವವರು. ಸರ್ಟಿಫಿಕೇಟ್‌ನಲ್ಲಿದ್ದ ಅಂಕಿ ಸಣ್ಣದು. ನಮ್ಮ ವಕೀಲರು ಅದನ್ನು ಪಕ್ಕಕ್ಕಿಟ್ಟು ಚಿಕ್ಕಮ್ಮನನ್ನು ಕೇಳಿದರು: "ಮೊದಲು ದಿನಕ್ಕೆ ಎಷ್ಟು ಮಾರು ಕಟ್ಟುತ್ತಿದ್ರಿ? ಈಗ ಎಷ್ಟು?" ಚಿಕ್ಕಮ್ಮ ಬಲಗೈ ಎತ್ತಿ, ದಾರ ಸುತ್ತಿ ಗಂಟು ಹಾಕುವ ಹಾಗೆ ಮಾಡಲು ಹೋದರು. ಮಣಿಕಟ್ಟು ಅರ್ಧಕ್ಕೇ ನಿಂತಿತು. "ಇಷ್ಟೇ ತಿರುಗೋದು" ಅಂದರು. ವಕೀಲರು ಅದನ್ನು ಹಾಗೇ ಬರೆದುಕೊಂಡರು.