ಹಳೆಯ ಹಾಲಿವುಡ್ ತಾರೆಯರು ಮತ್ತು ಏಳು ವರ್ಷದ ಕರಾರು: ಜೊತೆಗೆ ಓದುವವರಿಗೆ ಒಂದು ಟಿಪ್ಪಣಿ

ಹಳೆಯ ಹಾಲಿವುಡ್ ಚಿತ್ರಗಳನ್ನು ಇಷ್ಟಪಡುವವರು ಒಂದು ಕಡೆ ಸೇರಿದರೆ ಈ ಮಾತು ಬಂದೇ ಬರುತ್ತದೆ: ಅಂಥ ದೊಡ್ಡ ನಟಿ ಇಂಥ ಸಪ್ಪೆ ಚಿತ್ರದಲ್ಲಿ ಯಾಕೆ ಮಾಡಿದರು? ಅಭಿರುಚಿ ಇರಲಿಲ್ಲ, ದುಡ್ಡು ಬೇಕಿತ್ತು, ಅದೃಷ್ಟ ಕೆಟ್ಟಿತ್ತು ಅಂತ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. 1930 ಮತ್ತು 40ರ ದಶಕದ ಚಿತ್ರಗಳ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ವರ್ಷ ಆ ನಟಿ ಯಾವ ಸ್ಟುಡಿಯೋದ ಕರಾರಿನಲ್ಲಿದ್ದರು? ಪಾತ್ರ ಬೇಡ ಅನ್ನುವ ಹಕ್ಕು ಅವರಿಗೆ ಇತ್ತಾ? ಹೆಚ್ಚಿನವರಿಗೆ ಇರಲಿಲ್ಲ. ಆ ಕಾಲದ ನಟನೆಯನ್ನು ಓದುವಾಗ ಕರಾರನ್ನು ಪಕ್ಕದಲ್ಲಿ ಇಟ್ಟುಕೊಳ್ಳದಿದ್ದರೆ ನಟರಿಗೆ ಅನ್ಯಾಯ ಮಾಡುತ್ತೇವೆ ಅನ್ನುವುದು ನನ್ನ ದೃಢವಾದ ನಂಬಿಕೆ. ಈ ಟಿಪ್ಪಣಿ ಅದರ ಬಗ್ಗೆ.

ಕರಾರಿನಲ್ಲಿ ಏನಿತ್ತು

ಆಗ ಐದು ದೊಡ್ಡ ಸ್ಟುಡಿಯೋಗಳಿದ್ದವು: ಎಂ.ಜಿ.ಎಂ., ಪ್ಯಾರಮೌಂಟ್, ವಾರ್ನರ್ ಬ್ರದರ್ಸ್, ಟ್ವೆಂಟಿಯತ್ ಸೆಂಚುರಿ-ಫಾಕ್ಸ್, ಆರ್‌ಕೆಓ. ಚಿತ್ರ ತೆಗೆಯುವವರು, ಹಂಚುವವರು, ತೋರಿಸುವ ಚಿತ್ರಮಂದಿರಗಳ ಮಾಲೀಕರು ಎಲ್ಲಾ ಇವರೇ. ಯೂನಿವರ್ಸಲ್, ಕೊಲಂಬಿಯಾ, ಯುನೈಟೆಡ್ ಆರ್ಟಿಸ್ಟ್ಸ್ ಸ್ವಲ್ಪ ಚಿಕ್ಕವು. ಚಿತ್ರಮಂದಿರಗಳಿಗೆ ವಾರ ವಾರವೂ ಹೊಸ ಚಿತ್ರ ಬೇಕು. ಹಾಗಾಗಿ ನಟರು, ಬರಹಗಾರರು, ದರ್ಜಿಗಳು, ಬಡಗಿಗಳು ಎಲ್ಲರೂ ತಿಂಗಳುಗಟ್ಟಲೆ ಕೈಗೆ ಸಿಗುವಂತೆ ಇರಬೇಕು.

ನಟರ ಕರಾರು ಸಾಮಾನ್ಯವಾಗಿ ಏಳು ವರ್ಷದ್ದು. ಏಳು ವರ್ಷ ಅಂದರೆ ಏಳು ವರ್ಷ ಕೆಲಸ ಗ್ಯಾರಂಟಿ ಅಂದುಕೊಳ್ಳಬೇಡಿ. ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ 'ಆಪ್ಷನ್' ಬರುತ್ತಿತ್ತು. ಬೇಡ ಅನಿಸಿದರೆ ಆಗ ಸ್ಟುಡಿಯೋ ನಟನನ್ನು ಕೈಬಿಡಬಹುದು, ಬೇಕು ಅನಿಸಿದರೆ ಸ್ವಲ್ಪ ಸಂಬಳ ಏರಿಸಿ ಮುಂದುವರಿಸಬಹುದು. ನಟ ಮಾತ್ರ ಬಿಟ್ಟು ಹೋಗುವಂತಿಲ್ಲ. ಬಾಗಿಲಿನ ಚಿಲಕ ಒಂದೇ ಕಡೆ ಇದ್ದ ಹಾಗೆ. ವರ್ಷದ 52 ವಾರದಲ್ಲಿ ಸಂಬಳ ಸಿಗುತ್ತಿದ್ದದ್ದು ಸಾಮಾನ್ಯವಾಗಿ 40 ವಾರಕ್ಕೆ.

ಎಲ್ಲಕ್ಕಿಂತ ಮುಖ್ಯವಾದದ್ದು 'ಸಸ್ಪೆನ್ಷನ್'. ಇದನ್ನು ನಿಧಾನವಾಗಿ ಓದಿ, ಮುಂದಿನ ಕತೆಯೆಲ್ಲ ಇದರ ಮೇಲೆ ನಿಂತಿದೆ. ಸ್ಟುಡಿಯೋ ಒಂದು ಪಾತ್ರ ಕೊಡುತ್ತದೆ, ನಟಿ ಒಲ್ಲೆ ಅನ್ನುತ್ತಾರೆ. ಆ ಪಾತ್ರವನ್ನು ಇನ್ನೊಬ್ಬರು ಮಾಡಿ ಮುಗಿಸುವ ತನಕ ಇವರಿಗೆ ಸಂಬಳವಿಲ್ಲ, ಬೇರೆ ಕಡೆ ಕೆಲಸ ಮಾಡುವಂತೆಯೂ ಇಲ್ಲ. ಅಷ್ಟೂ ವಾರಗಳನ್ನು ಸ್ಟುಡಿಯೋ ಕರಾರಿನ ಕೊನೆಗೆ ಸೇರಿಸುತ್ತದೆ. ಅಂದರೆ ಹೆಚ್ಚು ಸಲ ಬೇಡ ಅಂದಷ್ಟೂ ಕರಾರು ಉದ್ದವಾಗುತ್ತಾ ಹೋಗುತ್ತದೆ. ಸ್ವಾಭಿಮಾನ ಇದ್ದವರಿಗೇ ಜಾಸ್ತಿ ದಿನ ಬಂಧನ.

ಹೆಸರು ಕೂಡ ಸ್ಟುಡಿಯೋ ಕೈಯಲ್ಲೇ ಇತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ಆರ್ಚಿಬಾಲ್ಡ್ ಲೀಚ್ ಪ್ಯಾರಮೌಂಟ್‌ಗೆ ಬಂದು ಕ್ಯಾರಿ ಗ್ರಾಂಟ್ ಆದರು. ಲೂಸಿಲ್ ಲೆಸ್ಯೂರ್ ಅವರಿಗೆ ಜೋನ್ ಕ್ರಾಫರ್ಡ್ ಅನ್ನುವ ಹೆಸರು ಸಿಕ್ಕಿದ್ದು ಪತ್ರಿಕೆಯ ಓದುಗರಿಗೆ ಇಟ್ಟ ಸ್ಪರ್ಧೆಯಿಂದ. ಮಾರ್ಗರೀಟಾ ಕಾನ್ಸಿನೋ ರೀಟಾ ಹೇವರ್ತ್ ಆದಾಗ ಹೆಸರಿನ ಜೊತೆ ಹಣೆಯ ಕೂದಲ ಅಂಚನ್ನೂ ಬದಲಾಯಿಸಿದರು. ಮರ್ಲ್ ಓಬೆರಾನ್ ಹುಟ್ಟಿದ್ದು ಮುಂಬೈಯಲ್ಲಿ, 1911ರಲ್ಲಿ. ಪ್ರಚಾರದವರು ಹೇಳಿದ್ದು ಮಾತ್ರ ಆಸ್ಟ್ರೇಲಿಯಾದ ಟಾಸ್ಮೇನಿಯಾ. ತನ್ನ ಮೂಲವನ್ನು ಮುಚ್ಚಿಟ್ಟೇ ಅವರು ಬದುಕಬೇಕಾಯಿತು. 1935ರ 'ದಿ ಡಾರ್ಕ್ ಏಂಜೆಲ್' ಚಿತ್ರಕ್ಕೆ ಶ್ರೇಷ್ಠ ನಟಿ ಆಸ್ಕರ್‌ಗೆ ನಾಮನಿರ್ದೇಶನ ಆದಾಗಲೂ ಆ ಮಾತು ಹೊರಗೆ ಬರಲಿಲ್ಲ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಬೇಸರವಾಗುತ್ತದೆ.

ಎರವಲು ಕೊಡುವ ವ್ಯವಹಾರ

ಒಂದು ಸ್ಟುಡಿಯೋ ತನ್ನ ನಟರನ್ನು ಇನ್ನೊಂದಕ್ಕೆ ಎರವಲು ಕೊಡುತ್ತಿತ್ತು. ಬರುವ ಬಾಡಿಗೆ ನಟನ ಸಂಬಳಕ್ಕಿಂತ ಜಾಸ್ತಿಯಾದರೆ ಉಳಿದದ್ದು ಸ್ಟುಡಿಯೋಗೆ. ಎಂ.ಜಿ.ಎಂ.ನ ಕ್ಲಾರ್ಕ್ ಗೇಬಲ್ ಅವರನ್ನೂ ಪ್ಯಾರಮೌಂಟ್‌ನ ಕ್ಲಾಡೆಟ್ ಕೋಲ್ಬರ್ಟ್ ಅವರನ್ನೂ ಹೀಗೆ ಎರವಲು ಪಡೆದು ಕೊಲಂಬಿಯಾ 1934ರಲ್ಲಿ 'ಇಟ್ ಹ್ಯಾಪನ್ಡ್ ಒನ್ ನೈಟ್' ತೆಗೆಯಿತು. ಫ್ರಾಂಕ್ ಕಾಪ್ರಾ ನಿರ್ದೇಶನ. ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕತೆ ಈ ಐದೂ ಆಸ್ಕರ್ ಅದಕ್ಕೇ ಬಂದವು. ಚಿಕ್ಕ ಸ್ಟುಡಿಯೋ ಒಂದೇ ರಾತ್ರಿಯಲ್ಲಿ ದೊಡ್ಡವರ ಸಾಲಿಗೆ ಬಂತು.

ವಾರ್ನರ್‌ನ 'ಕಾಸಾಬ್ಲಾಂಕಾ' ತೆಗೆದುಕೊಳ್ಳಿ. ಹಂಫ್ರಿ ಬೋಗಾರ್ಟ್ ವಾರ್ನರ್ ಕರಾರಿನವರೇ. ಇಂಗ್ರಿಡ್ ಬರ್ಗ್‌ಮನ್ ಬಂದದ್ದು ನಿರ್ಮಾಪಕ ಡೇವಿಡ್ ಸೆಲ್ಜ್ನಿಕ್ ಹತ್ತಿರದಿಂದ. ಪಿಯಾನೋ ಮುಂದೆ ಕೂರುವ ಡೂಲಿ ವಿಲ್ಸನ್ ಪ್ಯಾರಮೌಂಟ್‌ನವರು. ಬರ್ಗ್‌ಮನ್ ಬದಲಿಗೆ ವಾರ್ನರ್ ಸೆಲ್ಜ್ನಿಕ್‌ಗೆ ಯಾರನ್ನು ಕೊಟ್ಟಿತು ಗೊತ್ತಾ? ಒಲಿವಿಯಾ ಡಿ ಹ್ಯಾವಿಲೆಂಡ್ ಅವರನ್ನು. ಸೆಲ್ಜ್ನಿಕ್ ಆ ನಟಿಯನ್ನು ತಾವೂ ಬಳಸಿಕೊಳ್ಳದೆ ಆರ್‌ಕೆಓಗೆ ದಾಟಿಸಿದರು. ನಾವು ಪ್ರೀತಿಯಿಂದ ನೋಡುವ ಆ ಚಿತ್ರದ ಹಿಂದೆ ಹೀಗೆ ಇನ್ನೊಬ್ಬ ನಟಿ ಕೈಯಿಂದ ಕೈಗೆ ಹೋಗಿದ್ದಾರೆ.

ಜಗಳ ಆಡಿದವರು

ಎಲ್ಲರೂ ಸುಮ್ನೆ ಕೂತಿರಲಿಲ್ಲ. 1933ರಲ್ಲಿ ಸ್ಟುಡಿಯೋಗಳು ಎಂಟು ವಾರ ಸಂಬಳ ಕಡಿತ ಮಾಡಿದವು, ದೊಡ್ಡ ಸಂಬಳದವರಿಗೆ ಅರ್ಧಕ್ಕರ್ಧ. ಅದೇ ವರ್ಷ ನಟರ ಸಂಘ ಸ್ಕ್ರೀನ್ ಆ್ಯಕ್ಟರ್ಸ್ ಗಿಲ್ಡ್ ಹುಟ್ಟಿತು. 1937ರಲ್ಲಿ ಸ್ಟುಡಿಯೋಗಳು ಅದನ್ನು ಒಪ್ಪಿಕೊಂಡವು. ಜೇಮ್ಸ್ ಕ್ಯಾಗ್ನಿ ವಾರ್ನರ್ ಮೇಲೆ ಕೇಸು ಹಾಕಿ 1936ರಲ್ಲಿ ಗೆದ್ದರು. ಒಪ್ಪಿದ್ದಕ್ಕಿಂತ ಹೆಚ್ಚು ಚಿತ್ರ ಮಾಡಿಸಿದ್ದು, ಹೆಸರನ್ನು ಮೊದಲ ಸ್ಥಾನದಲ್ಲಿ ಹಾಕದಿದ್ದದ್ದು ಅವರ ದೂರು. ಎರಡು ವರ್ಷದ ನಂತರ ಒಳ್ಳೆಯ ಷರತ್ತಿನ ಮೇಲೆ ಮರಳಿ ಬಂದರು.

ಅದೇ 1936ರಲ್ಲಿ ವಾರ್ನರ್‌ನ ನಟಿ ಬೆಟ್ಟಿ ಡೇವಿಸ್ ಸೋತರು. ಮರ ಕಡಿಸುವ ವ್ಯಾಪಾರದ ಕತೆಯ ಒಂದು ಚಿತ್ರದ ಪಾತ್ರ ಬೇಡ ಅಂದು, ಇಂಗ್ಲೆಂಡಿಗೆ ಹೋಗಿ ಅಲ್ಲಿನ ನಿರ್ಮಾಪಕರಿಗೆ ಕೆಲಸ ಮಾಡಲು ಹೊರಟರು. ವಾರ್ನರ್ ಲಂಡನ್ನಿನ ಕೋರ್ಟಿಗೆ ಹೋಯಿತು. ಡೇವಿಸ್ ಅವರ ಆಗಿನ ಗಂಡನ ಮನೆ ಹೆಸರು ನೆಲ್ಸನ್. ಹಾಗಾಗಿ ಈ ಕೇಸಿನ ಹೆಸರು 'ವಾರ್ನರ್ ಬ್ರದರ್ಸ್ ವರ್ಸಸ್ ನೆಲ್ಸನ್'. ನಮ್ಮಲ್ಲಿ ಕಾನೂನು ಓದುವವರಿಗೆ ಇದು ಚೆನ್ನಾಗಿ ಗೊತ್ತು, ಕಾಂಟ್ರಾಕ್ಟ್ ಪಾಠದಲ್ಲಿ ಬರುತ್ತದೆ. ಕೋರ್ಟಿನ ತರ್ಕ ಹೀಗಿತ್ತು: ವಾರ್ನರ್‌ಗೇ ಕೆಲಸ ಮಾಡು ಅಂತ ನಟಿಯನ್ನು ಬಲವಂತ ಮಾಡಲಾಗದು. ಆದರೆ ಬೇರೆಯವರಿಗೆ ನಟಿಸುವುದಿಲ್ಲ ಅಂತ ಅವರೇ ಬರೆದುಕೊಟ್ಟಿದ್ದಾರೆ, ಆ ಮಾತನ್ನು ಮೀರದಂತೆ ತಡೆಯಬಹುದು. ಬದುಕಲು ನಟನೆ ಬಿಟ್ಟು ಬೇರೆ ಕೆಲಸ ಮಾಡಬಹುದಲ್ಲ, ಹಾಗಾಗಿ ಇದು ಬಲವಂತ ಅಲ್ಲ. ಭಾರತದ 1963ರ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟ್‌ನ 42ನೇ ಸೆಕ್ಷನ್ ಇದೇ ಜಾತಿಯ ತಡೆಯಾಜ್ಞೆಯ ಬಗ್ಗೆ ಹೇಳುತ್ತದೆ.

ತರ್ಕ ಕಾಗದದ ಮೇಲೆ ಸರಿಯಾಗಿ ಕಾಣುತ್ತದೆ. ಆದರೆ ಬೆಟ್ಟಿ ಡೇವಿಸ್‌ಗೆ ನಟನೆ ಬಿಟ್ಟು ಬೇರೆ ಏನಾದರೂ ಮಾಡು ಅನ್ನುವುದು ಬಲವಂತವಲ್ಲದೆ ಇನ್ನೇನು? ಅವರು ವಾರ್ನರ್‌ಗೇ ಮರಳಿದರು. ವಿಚಿತ್ರ ಅಂದರೆ ಆಮೇಲೆ ಒಳ್ಳೆಯ ಪಾತ್ರಗಳು ಸಿಕ್ಕವು. 1938ರ 'ಜೆಜೆಬೆಲ್' ಅವರಿಗೆ ಎರಡನೇ ಆಸ್ಕರ್ ತಂದಿತು. ಗಲಾಟೆ ಮಾಡಿದ್ದರಿಂದಲೇ ಸ್ಟುಡಿಯೋ ಅವರ ಬೆಲೆ ಅರಿತುಕೊಂಡಿತು ಅಂತ ನನಗೆ ಅನಿಸುತ್ತದೆ.

ಒಲಿವಿಯಾ ಡಿ ಹ್ಯಾವಿಲೆಂಡ್

ಈಗ ಇಡೀ ಟಿಪ್ಪಣಿಯ ಮುಖ್ಯ ಭಾಗ. ಡಿ ಹ್ಯಾವಿಲೆಂಡ್ ಹುಟ್ಟಿದ್ದು 1916ರಲ್ಲಿ ಟೋಕಿಯೋದಲ್ಲಿ. ಹದಿನೆಂಟರ ಹರೆಯದಲ್ಲಿ ವಾರ್ನರ್ ಸೇರಿದರು. 1935ರ 'ಕ್ಯಾಪ್ಟನ್ ಬ್ಲಡ್'ನಿಂದ ಶುರುವಾಗಿ ಎರಲ್ ಫ್ಲಿನ್ ಜೊತೆ ಎಂಟು ಚಿತ್ರ ಮಾಡಿದರು. ಫ್ಲಿನ್ ಕತ್ತಿ ಬೀಸುತ್ತಾರೆ, ಇವರು ಕಾಯುತ್ತಾ ನಿಲ್ಲುತ್ತಾರೆ, ಬಹುಪಾಲು ಅಷ್ಟೇ. ಅವರ ಶಕ್ತಿ ಕಂಡದ್ದು ಎರವಲು ಹೋದಾಗ. ಸೆಲ್ಜ್ನಿಕ್‌ಗೆ ಮಾಡಿದ 'ಗಾನ್ ವಿತ್ ದಿ ವಿಂಡ್'ನ ಮೆಲನಿ ಪಾತ್ರ, ಪ್ಯಾರಮೌಂಟ್‌ಗೆ ಮಾಡಿದ 1941ರ 'ಹೋಲ್ಡ್ ಬ್ಯಾಕ್ ದಿ ಡಾನ್', ಎರಡಕ್ಕೂ ಆಸ್ಕರ್ ನಾಮನಿರ್ದೇಶನ ಬಂತು. ವಾರ್ನರ್‌ಗೆ ಮರಳಿದರೆ ಮತ್ತೆ ಅದೇ ಸಪ್ಪೆ ಪಾತ್ರ. ಬೇಡ ಅಂದರು, ಸಸ್ಪೆನ್ಷನ್ ಬಿತ್ತು.

1936ರಲ್ಲಿ ಮಾಡಿಕೊಂಡ ಕರಾರಿನ ಏಳು ವರ್ಷ 1943ರಲ್ಲಿ ಮುಗಿಯಿತು. ಇನ್ನೂ 25 ವಾರ ಬಾಕಿ ಇದೆ ಅಂದಿತು ವಾರ್ನರ್. ಎಲ್ಲಾ ಸಸ್ಪೆನ್ಷನ್‌ನ ಲೆಕ್ಕ. ನಟಿಯ ವಕೀಲ ಮಾರ್ಟಿನ್ ಗ್ಯಾಂಗ್ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನನ್ನು ತೆರೆದರು. ಯಾವ ಕೆಲಸಗಾರನನ್ನೂ ಕೆಲಸ ಶುರುವಾದ ದಿನದಿಂದ ಏಳು ವರ್ಷ ದಾಟಿ ಕರಾರಿಗೆ ಕಟ್ಟಿಹಾಕುವಂತಿಲ್ಲ ಅಂತ ಅದರಲ್ಲಿತ್ತು. ಆ ಕಾನೂನು ತಾರೆಯರಿಗಾಗಿ ಬರೆದದ್ದಲ್ಲ, ದುಡಿಯುವ ಎಲ್ಲರಿಗೂ ಬರೆದದ್ದು. ಸಿನಿಮಾದವರು ಯಾರೂ ಅದನ್ನು ಕೊನೆಯ ತನಕ ಪರೀಕ್ಷಿಸಿ ನೋಡಿರಲಿಲ್ಲ.

ಜಗಳ ಒಂದೇ ಬಿಂದುವಿಗೆ ಬಂತು. ಏಳು ವರ್ಷ ಅಂದರೆ ಏನು? ನಿಜವಾಗಿ ದುಡಿದ ಏಳು ವರ್ಷ ಅಂದಿತು ಸ್ಟುಡಿಯೋ. ಕ್ಯಾಲೆಂಡರಿನ ಏಳು ವರ್ಷ ಅಂದರು ನಟಿ. 1944ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟು, ಡಿಸೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಅವರ ಪರ ತೀರ್ಪು ಕೊಟ್ಟವು. 1945ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಇನ್ನೊಮ್ಮೆ ಕೇಳಲು ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು. ನಟಿ ತಾನಾಗಿ ಸಹಿ ಹಾಕಿ ಈ ರಕ್ಷಣೆಯನ್ನು ಬಿಟ್ಟುಕೊಟ್ಟಿದ್ದರೂ ಅದು ನಡೆಯುವುದಿಲ್ಲ, ಯಾಕೆಂದರೆ ಅದು ಸಮಾಜದ ಒಳಿತಿಗಾಗಿ ಇರುವ ಕಾನೂನು ಅಂತಲೂ ಕೋರ್ಟು ಹೇಳಿತು. ಲಂಡನ್ ತೀರ್ಪಿನ ಪಕ್ಕ ಇದನ್ನು ಇಟ್ಟು ಓದಿ. ಅಲ್ಲಿ ಸಹಿಯೇ ಎಲ್ಲಾ. ಇಲ್ಲಿ ಸಹಿಗೂ ಒಂದು ಮಿತಿ.

ಈ ಗೆಲುವು ಸುಲಭವಾಗಿ ಬಂದದ್ದಲ್ಲ. ಸ್ಟುಡಿಯೋದ ಯಜಮಾನ ಜ್ಯಾಕ್ ವಾರ್ನರ್ ಬೇರೆ ಸ್ಟುಡಿಯೋಗಳಿಗೆಲ್ಲ ಬರೆದು ನಟಿಗೆ ಕೆಲಸ ಸಿಗದಂತೆ ಮಾಡಿದರು. ಇಪ್ಪತ್ತೇಳರ ವಯಸ್ಸಿನಲ್ಲಿ, ಒಬ್ಬ ನಟಿಗೆ ಪ್ರತಿ ವರ್ಷವೂ ಮುಖ್ಯವಾಗಿದ್ದ ಕಾಲದಲ್ಲಿ, ಅವರು ಕ್ಯಾಮೆರಾದಿಂದ ದೂರ ಕೂತರು. ಸೋತಿದ್ದರೆ ಎಲ್ಲವೂ ಹೋಗುತ್ತಿತ್ತು. ಹೊರಗೆ ಬಂದ ಮೇಲೆ 1946ರ 'ಟು ಈಚ್ ಹಿಸ್ ಓನ್' ಚಿತ್ರಕ್ಕೆ ಆಸ್ಕರ್, 1949ರ 'ದಿ ಏರೆಸ್' ಚಿತ್ರಕ್ಕೆ ಮತ್ತೊಂದು. ಯುದ್ಧಕ್ಕೆ ಹೋಗಿದ್ದ ನಟರಿಗೂ ಈ ತೀರ್ಪು ನೆರವಾಯಿತು, ಸೈನ್ಯದಲ್ಲಿ ಕಳೆದ ವರ್ಷಗಳನ್ನು ಕರಾರಿಗೆ ಮತ್ತೆ ಸೇರಿಸುವ ದಾರಿ ಮುಚ್ಚಿತು. ಆ ಕಾನೂನನ್ನು ಈಗಲೂ ಹಾಲಿವುಡ್‌ನಲ್ಲಿ ಡಿ ಹ್ಯಾವಿಲೆಂಡ್ ಕಾನೂನು ಅಂತಲೇ ಕರೆಯುತ್ತಾರೆ. ಅವರು 2020ರಲ್ಲಿ, 104ನೇ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ತೀರಿಕೊಂಡರು. ಮೆಲನಿಯ ಮೆದು ದನಿಯಷ್ಟೇ ಅಲ್ಲ, ಈ ಕೇಸಿನ ದನಿಯೂ ಅವರದ್ದೇ.

ಕೋರ್ಟು ತಲುಪದ ಅನ್ಯಾಯ

ಪಾತ್ರ ಬೇಡ ಅನ್ನುವ ಹಕ್ಕಿಗಾಗಿ ಹೋರಾಡಲು ಮೊದಲು ಪಾತ್ರ ಸಿಗಬೇಕು, ಅಲ್ವಾ? ಚೀನೀ ಮೂಲದ ಅಮೆರಿಕನ್ ನಟಿ ಅನ್ನಾ ಮೇ ವಾಂಗ್‌ಗೆ ಅದೂ ಸಿಗಲಿಲ್ಲ. 1937ರ 'ದಿ ಗುಡ್ ಅರ್ತ್' ಚೀನಾದ ರೈತರ ಕತೆ. ನಾಯಕಿಯಾದದ್ದು ಯುರೋಪಿನಿಂದ ಬಂದ ಬಿಳಿಯ ನಟಿ ಲೂಯಿಸ್ ರೈನರ್, ಆಸ್ಕರ್ ಸಿಕ್ಕಿದ್ದೂ ಅವರಿಗೇ. ಹ್ಯಾಟಿ ಮೆಕ್‌ಡ್ಯಾನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ. 1940ರ ಆ ಸಮಾರಂಭದಲ್ಲಿ ಅವರನ್ನು ಸಹನಟರ ಜೊತೆಗಲ್ಲ, ಬೇರೆ ಮೇಜಿನಲ್ಲಿ ಕೂರಿಸಿದ್ದರು.

ನಮ್ಮ ನೆಲದ ಹುಡುಗನೊಬ್ಬನೂ ಈ ಕತೆಯಲ್ಲಿ ಇದ್ದಾನೆ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ, ಮಾವುತನ ಮಗ ಸಾಬು. ಮೈಸೂರು ಕಡೆ ಚಿತ್ರೀಕರಣವಾದ 'ಎಲಿಫಂಟ್ ಬಾಯ್' 1937ರಲ್ಲಿ ಬಂತು. ಹುಡುಗ ಇಂಗ್ಲೆಂಡಿಗೆ, ಅಲ್ಲಿಂದ 'ದಿ ಥೀಫ್ ಆಫ್ ಬಾಗ್ದಾದ್' ಮೂಲಕ ಅಮೆರಿಕಕ್ಕೆ ಹೋದರು. ಯೂನಿವರ್ಸಲ್ ಅವರಿಗೆ ಕೊಟ್ಟದ್ದು 'ಅರೇಬಿಯನ್ ನೈಟ್ಸ್', 'ಕೋಬ್ರಾ ವುಮನ್' ತರಹದ ಬಣ್ಣದ ಚಿತ್ರಗಳು. ನಾಯಕ ಜಾನ್ ಹಾಲ್, ಸಾಬು ಪಕ್ಕದ ಚುರುಕು ಗೆಳೆಯ. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ವಾಯುಪಡೆಯ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಪದಕ ಪಡೆದರು. 1963ರಲ್ಲಿ 39ನೇ ವಯಸ್ಸಿಗೇ ಹೋದರು. ಇಂಥ ಮುಖ, ಇಂಥ ನಗು ಇದ್ದ ನಟನಿಗೆ ದೊಡ್ಡವನಾದ ಮೇಲೆ ಒಂದು ತೂಕದ ಪಾತ್ರ ಬರೆಯುವವರು ಹಾಲಿವುಡ್‌ನಲ್ಲಿ ಸಿಗಲಿಲ್ಲ. ಕರ್ನಾಟಕದಲ್ಲಿ ಸಿನಿಮಾ ಓದುವವರು ಈ ಹೆಸರನ್ನು ಬಿಟ್ಟು ಮುಂದೆ ಹೋಗಬಾರದು.

ಪದ್ಧತಿ ಸಡಿಲವಾದದ್ದು

1948ರ ಮೇ 3ರಂದು ಅಮೆರಿಕದ ಸುಪ್ರೀಂ ಕೋರ್ಟು, ಚಿತ್ರರಂಗದ ಮೇಲೆ ಸ್ಟುಡಿಯೋಗಳಿಗಿದ್ದ ಏಕಸ್ವಾಮ್ಯದ ಹಿಡಿತದ ಬಗ್ಗೆ ನಡೆದ ಪ್ಯಾರಮೌಂಟ್ ಕೇಸಿನಲ್ಲಿ ಸ್ಟುಡಿಯೋಗಳ ವಿರುದ್ಧ ತೀರ್ಪು ಕೊಟ್ಟಿತು. ಒಂದು ಒಳ್ಳೆ ಚಿತ್ರ ಬೇಕಾದರೆ ಹತ್ತು ಕಳಪೆ ಚಿತ್ರವನ್ನೂ ಕೊಳ್ಳಬೇಕು ಅನ್ನುವ 'ಬ್ಲಾಕ್ ಬುಕಿಂಗ್'ಗೆ ಇದರಿಂದ ಪೆಟ್ಟು ಬಿತ್ತು. ಮುಂದಿನ ವರ್ಷಗಳಲ್ಲಿ ಒಂದೊಂದೇ ಸ್ಟುಡಿಯೋ ಚಿತ್ರಮಂದಿರಗಳನ್ನು ಬಿಟ್ಟುಕೊಟ್ಟಿತು. ಟಿವಿಯೂ ಬಂತು. ವಾರಕ್ಕೊಂದು ಚಿತ್ರ ಬೇಡವಾದಾಗ, ವರ್ಷಪೂರ್ತಿ ಸಂಬಳ ಕೊಟ್ಟು ನಟರನ್ನು ಯಾಕೆ ಇಟ್ಟುಕೊಳ್ಳಬೇಕು?

ಜೇಮ್ಸ್ ಸ್ಟೀವರ್ಟ್ ಯುದ್ಧದಿಂದ ಮರಳಿದ ಮೇಲೆ ಎಂ.ಜಿ.ಎಂ. ಜೊತೆ ಮತ್ತೆ ಕರಾರು ಮಾಡಲಿಲ್ಲ. 1950ರ 'ವಿಂಚೆಸ್ಟರ್ 73' ಚಿತ್ರಕ್ಕೆ ಅವರ ಏಜೆಂಟ್ ಲೂ ವಾಸರ್‌ಮನ್ ಯೂನಿವರ್ಸಲ್ ಹತ್ತಿರ ನಿಗದಿತ ಸಂಭಾವನೆಯ ಬದಲು ಲಾಭದಲ್ಲಿ ಪಾಲು ಕೇಳಿದರು. ಚಿತ್ರ ಓಡಿತು, ಲೆಕ್ಕಾಚಾರ ಸರಿಯಾಯಿತು. ಇಂಥ ಒಪ್ಪಂದ ಅದೇ ಮೊದಲಲ್ಲ, ಆದರೆ ಉಳಿದ ತಾರೆಯರೆಲ್ಲ ಗಮನಿಸಿದ್ದು ಇದನ್ನು.

ನೋಡುವ ಕ್ರಮದ ಬಗ್ಗೆ ಒಂದು ಸಲಹೆ. ಡಿ ಹ್ಯಾವಿಲೆಂಡ್ ಅವರ 'ಕ್ಯಾಪ್ಟನ್ ಬ್ಲಡ್' ನೋಡಿ, ಆಮೇಲೆ 'ಹೋಲ್ಡ್ ಬ್ಯಾಕ್ ದಿ ಡಾನ್', ಕೊನೆಗೆ 'ದಿ ಏರೆಸ್'. ಸಾಬು ಅವರದ್ದಾದರೆ ಮೊದಲು 'ಎಲಿಫಂಟ್ ಬಾಯ್', ಆಮೇಲೆ 'ಅರೇಬಿಯನ್ ನೈಟ್ಸ್'. ಪ್ರತಿ ಚಿತ್ರದ ಮುಂದೆ ಮೂರು ವಿಷಯ ಬರೆದುಕೊಳ್ಳಿ: ಚಿತ್ರ ಯಾವ ಸ್ಟುಡಿಯೋದ್ದು, ನಟರು ಯಾವ ಸ್ಟುಡಿಯೋದವರು, ಆ ಪಾತ್ರಕ್ಕೆ ಮೊದಲು ಯಾರಾದರೂ ಬೇಡ ಅಂದಿದ್ದರಾ. ಟೈಟಲ್ ಕಾರ್ಡಿನಲ್ಲಿ ನಟರ ಹೆಸರಿನ ಕೆಳಗೆ ಇಂಥ ಸ್ಟುಡಿಯೋದ ಒಪ್ಪಿಗೆಯಿಂದ ಅನ್ನುವ ಚಿಕ್ಕ ಸಾಲು ಕಂಡರೆ, ಅಲ್ಲಿ ಒಂದು ಎರವಲಿನ ಕತೆ ಇದೆ. ಅದನ್ನು ಹುಡುಕಿ ಓದಿ.